ದರಪಟ್ಟಿ ಬರೆದವರಿಗೆ, ಆಟೋ ಸಿಗದವನೊಬ್ಬನ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ, ಸಾರಿಗೆ ಆಯುಕ್ತರಿಗೆ ಮತ್ತು ಬೆಂಗಳೂರು ನಗರ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ಮೂವರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೆಂಗಳೂರಿನ ಆಟೋ ದರ ಗೊತ್ತು ಮಾಡುವುದು ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಸಾರಿಗೆ ಪ್ರಾಧಿಕಾರ. ಟ್ಯಾಕ್ಸಿ ದರ ಹೊರಡಿಸುವುದು ಸರ್ಕಾರ. ಮೀಟರ್‌ಗೆ ಸೀಲು ಹಾಕುವುದು ಕಾನೂನು ಮಾಪನಶಾಸ್ತ್ರ ಇಲಾಖೆ. ರಸ್ತೆಯಲ್ಲಿ ನಿಂತು ಹಿಡಿಯಬೇಕಾದವರು ಸಂಚಾರ ಪೊಲೀಸರು. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಬಾಗಿಲು ತೋರಿಸುತ್ತಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆದುಬಿಡೋಣ ಅಂತ ಕೂತೆ.

ವಿಷಯ ಇಷ್ಟೇ. ಈ ಊರಲ್ಲಿ ಆಟೋಗೂ ಕ್ಯಾಬ್‌ಗೂ ಸರ್ಕಾರದ ದರ ಇದೆ. ಆ ದರಕ್ಕೆ ಗಾಡಿ ಸಿಗುವುದಿಲ್ಲ.

ದರ ಗೊತ್ತಿಲ್ಲದೆ ಮಾತಾಡುತ್ತಿಲ್ಲ. 2025ರ ಆಗಸ್ಟ್ 1ರಿಂದ ಆಟೋಗೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು. ಕಾಯುವುದಕ್ಕೆ ಮೊದಲ 5 ನಿಮಿಷ ಪುಕ್ಕಟೆ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ಲಗೇಜು 20 ಕೆ.ಜಿ.ವರೆಗೆ ಫ್ರೀ. ಇಷ್ಟೂ ವಿವರವಾಗಿ ಬರೆದಿದ್ದೀರಿ, ಸಂತೋಷ. ಲಗೇಜಿನ ತೂಕದವರೆಗೂ ಯೋಚನೆ ಮಾಡಿದವರು, ಮೀಟರ್ ಹಾಕದಿದ್ದರೆ ಏನು ಅನ್ನುವುದನ್ನು ಮಾತ್ರ ಯಾಕೆ ಬಿಟ್ಟಿರಿ ಅಂತ ಗೊತ್ತಾಗುತ್ತಿಲ್ಲ.

ಒಂದು ಸಂಜೆ ಏಳೂವರೆ ಹೊತ್ತಿಗೆ ಬನಶಂಕರಿ ಮೆಟ್ರೋ ಸ್ಟೇಷನ್ ಮೆಟ್ಟಿಲಿಳಿದು ನೋಡಿ, ಅದೂ ಮಳೆ ಹನಿಯುವಾಗ. ಕೆಳಗೆ ಆಟೋಗಳು ಸಾಲಾಗಿ ನಿಂತಿರುತ್ತವೆ. ಚಾಲಕರು ಒಳಗಿರುವುದಿಲ್ಲ, ಹೊರಗೆ ಗುಂಪಾಗಿ ನಿಂತಿರುತ್ತಾರೆ. ಕತ್ರಿಗುಪ್ಪೆ ಅನ್ನಿ. ಮೂರು, ಹೆಚ್ಚೆಂದರೆ ಮೂರೂವರೆ ಕಿ.ಮೀ. ನಿಮ್ಮ ಲೆಕ್ಕದಲ್ಲಿ 63 ರೂಪಾಯಿ. ಮೊದಲನೆಯವರು 150 ಅನ್ನುತ್ತಾರೆ. ಎರಡನೆಯವರು ತಲೆ ಅಲ್ಲಾಡಿಸುತ್ತಾರೆ, ಆ ಕಡೆ ಬರಲ್ಲ. ಮೂರನೆಯವರು ನಿಮ್ಮ ಚಪ್ಪಲಿ, ಬ್ಯಾಗು, ಕೊಡೆ ಎಲ್ಲ ಒಂದು ಸಲ ನೋಡಿ, "ನೂರಿಪ್ಪತ್ತು ಕೊಡಿ ಸರ್, ಮಳೆ ಅಲ್ವಾ" ಅನ್ನುತ್ತಾರೆ. ಮೀಟರ್ ಅಂದರೆ ಕೋಪ ಕೂಡ ಬರುವುದಿಲ್ಲ ಅವರಿಗೆ. ಪಾಪ, ಹೊಸಬ ಅನ್ನೋ ಥರ ಮುಖ ಮಾಡುತ್ತಾರೆ.

ಆ ಮೂರನೆಯವರ ನೋಟವನ್ನೇ ನೀವು ಗಮನಿಸಬೇಕು. ಅಲ್ಲಿ ದರ ಹುಟ್ಟುತ್ತಿರುವುದು ಕಿಲೋಮೀಟರಿನಿಂದ ಅಲ್ಲ. ನಿಂತವನಿಗೆ ಎಷ್ಟು ತುರ್ತು ಇದೆ ಅನ್ನುವುದರಿಂದ. ಬರಿಗೈಯಲ್ಲಿರುವ ಕಾಲೇಜು ಹುಡುಗನಿಗೆ 100. ಕೈಯಲ್ಲಿ ಎಕ್ಸ್‌ರೇ ಕವರ್ ಹಿಡಿದವರಿಗೆ 150. ಮಗು ಎತ್ತಿಕೊಂಡು ಎರಡು ಚೀಲ ಹಿಡಿದಿರುವ ಹೆಂಗಸಿಗೆ ಇನ್ನೂ ಜಾಸ್ತಿ. ರಾತ್ರಿ ಹತ್ತೂವರೆಗೆ ಒಬ್ಬಳೇ ನಿಂತ ಹುಡುಗಿಗೆ, ಅವಳು ಹೂಂ ಅನ್ನುವಷ್ಟು. ಯಾರು ಚೌಕಾಸಿ ಮಾಡಲಾರರೋ ಅವರೇ ಈ ಊರಲ್ಲಿ ಜಾಸ್ತಿ ಕೊಡುತ್ತಿರುವುದು. ನಾನು ಗಟ್ಟಿಮುಟ್ಟಾಗಿದ್ದೇನೆ, ಸಿಗದಿದ್ದರೆ ನಡೆದುಬಿಡುತ್ತೇನೆ. ಈ ಪತ್ರ ನನ್ನೊಬ್ಬನ ಗೋಳಲ್ಲ.

ಆ್ಯಪ್ ಬಂದಾಗ ಇದೆಲ್ಲ ತಪ್ಪಿತು ಅಂತ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಕೂತಲ್ಲೇ ಗಾಡಿ, ಮೊದಲೇ ದರ, ಜಗಳ ಇಲ್ಲ. ಸ್ವಲ್ಪ ಕಾಲ ಹಾಗೇ ಇತ್ತು ಕೂಡ. ಈಗಿನ ಕಥೆ ಕೇಳಿ.

ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಮಾರನೇ ದಿನ ಪಟ್ಟಿ ಬಿಚ್ಚಿಸಲು ಕರೆದುಕೊಂಡು ಹೋಗಬೇಕು. ಬೆಳಗ್ಗೆ ಎಂಟೂಕಾಲಕ್ಕೆ ಆ್ಯಪ್ ತೆಗೆದೆ. 148 ರೂಪಾಯಿ ತೋರಿಸಿತು. ಬುಕ್ ಒತ್ತಿದೆ. ಸುತ್ತಮುತ್ತ ಪುಟ್ಟ ಪುಟ್ಟ ಆಟೋ ಚಿತ್ರಗಳು ಓಡಾಡುತ್ತಿವೆ, ಒಂದೂ ಒಪ್ಪುತ್ತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪರದೆಯ ಮೇಲೆ ಬಂತು: ಬೇಗ ಸಿಗಬೇಕಾ? ಟಿಪ್ ಸೇರಿಸಿ. 10, 20, 30, 50. ಗಾಡಿ ಬಂದಿಲ್ಲ, ಹತ್ತಿಲ್ಲ, ಇಳಿದಿಲ್ಲ, ಟಿಪ್ ಯಾತಕ್ಕೆ? ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಗೇಟಿನ ಹತ್ತಿರ ಕುರ್ಚಿ ಮೇಲೆ ಕೂತಿದ್ದರು. 30 ಒತ್ತಿದೆ. ತಕ್ಷಣ ಒಬ್ಬರು ಒಪ್ಪಿದರು. ತಕ್ಷಣ ಫೋನೂ ಬಂತು.

"ಎಲ್ಲಿ ಸರ್ ಡ್ರಾಪು?"

ಹೇಳಿದೆ.

"ಎಷ್ಟು ತೋರಿಸ್ತಾ ಇದೆ?"

ಹೇಳಿದೆ.

"ಕ್ಯಾಶಾ, ಆನ್‌ಲೈನಾ?"

ಅದನ್ನೂ ಹೇಳಿದೆ.

"ಮೇಲೆ ಐವತ್ತು ಹಾಕ್ಕೊಡಿ, ಬರ್ತೀನಿ."

30 ಆಗಲೇ ಹಾಕಿದೀನಲ್ಲ ಅಂದೆ. "ಅದು ಗಾಡಿ ಬರೋಕೆ ಸರ್, ಇದು ಟ್ರಾಫಿಕ್‌ಗೆ" ಅಂದರು. ಲೆಕ್ಕ ಸ್ಪಷ್ಟವಾಗಿತ್ತು, ಒಪ್ಪಬೇಕು! ಆಗಲ್ಲ ಅಂದಿದ್ದಕ್ಕೆ ಫೋನ್ ಇಟ್ಟರು. ಆದರೆ ಕ್ಯಾನ್ಸಲ್ ಮಾಡಲಿಲ್ಲ. ನಕ್ಷೆಯಲ್ಲಿ ಅವರ ಆಟೋ ಒಂದು ಟೀ ಅಂಗಡಿ ಮುಂದೆ ಅಲ್ಲಾಡದೆ ನಿಂತಿತ್ತು. ನಾನೇ ಕ್ಯಾನ್ಸಲ್ ಮಾಡಲಿ ಅಂತ. ಮಾಡಿದರೆ ಮುಂದಿನ ಸಲ ನನಗೇ ದಂಡ ಬಿದ್ದರೂ ಬಿತ್ತು.

ಕೊನೆಗೆ ಮಾಡಿದೆ. ಯಾಕೆ ಅಂತ ಆ್ಯಪ್ ಕಾರಣ ಕೇಳಿತು. ಆ ಪಟ್ಟಿಯಲ್ಲಿ ಒಂದು ಸಾಲು ಇತ್ತು: 'ಚಾಲಕರೇ ಕ್ಯಾನ್ಸಲ್ ಮಾಡಲು ಹೇಳಿದರು'. ಇನ್ನೊಂದು: 'ಚಾಲಕರು ಹೆಚ್ಚು ಹಣ ಕೇಳಿದರು'. ಅಂದರೆ ಅವರಿಗೆ ಗೊತ್ತು. ಎಷ್ಟು ಚೆನ್ನಾಗಿ ಗೊತ್ತು ಅಂದರೆ ಅದಕ್ಕೆ ಅಂತಲೇ ಒಂದು ಬಟನ್ ಮಾಡಿಟ್ಟಿದ್ದಾರೆ. ದಿನಾ ಬೆಂಗಳೂರಿನ ಜನ ಆ ಬಟನ್ ಒತ್ತುತ್ತಿದ್ದಾರೆ. ಯಾವ ಗಂಟೆಗೆ, ಯಾವ ಏರಿಯಾದಲ್ಲಿ, ಎಷ್ಟು ಸಲ ಅನ್ನುವ ಲೆಕ್ಕ ಆ ಕಂಪನಿಗಳ ಕಂಪ್ಯೂಟರಿನಲ್ಲಿ ಕೂತಿದೆ. ನೀವು ಲೈಸೆನ್ಸ್ ಕೊಡುವವರು. ಆ ಲೆಕ್ಕ ತರಿಸಿಕೊಂಡು ಪ್ರತಿ ಮೂರು ತಿಂಗಳಿಗೊಮ್ಮೆ ಜನರ ಮುಂದೆ ಇಡಿ ಅಂತ ಕೇಳುವುದು ಅಷ್ಟು ದೊಡ್ಡ ಮಾತಾ?

ಈಗ ಚಾಲಕರ ಮಾತು. ಅವರನ್ನು ಬೈದು ಪತ್ರ ಮುಗಿಸುವುದು ಸುಲಭ. ಚಪ್ಪಾಳೆಯೂ ಸಿಗುತ್ತದೆ. ಆದರೆ ಅದು ಪೂರ್ತಿ ನಿಜ ಅಲ್ಲ.

ನಮ್ಮ ರಸ್ತೆಯಲ್ಲೇ ಬಾಡಿಗೆ ಆಟೋ ಓಡಿಸುವವರೊಬ್ಬರು ಇದ್ದಾರೆ. ಗಾಡಿ ಮಾಲೀಕರಿಗೆ ದಿನದ ಬಾಡಿಗೆ, ಗ್ಯಾಸ್, ಆ್ಯಪ್‌ನ ದಿನದ ಚಂದಾ, ಇಷ್ಟು ಕಳೆದ ಮೇಲೆ ಉಳಿದದ್ದು ಮನೆಗೆ. ಮೀಟರ್ ಯಾಕೆ ಹಾಕಲ್ಲ ಅಂತ ಕೇಳಿದರೆ ಅವರು ಕೊಡುವ ಲೆಕ್ಕ ಇದು. ಬೆಳಗ್ಗೆ ಆರಕ್ಕೆ 10 ಕಿ.ಮೀ. ಹೋದರೂ ಮೀಟರ್ 180. ಸಂಜೆ ಆರಕ್ಕೆ ಅದೇ ರಸ್ತೆಯಲ್ಲಿ ಹೋದರೂ 180, ಕಾಯುವ ದರ ಸೇರಿದರೆ ಹತ್ತೋ ಇಪ್ಪತ್ತೋ ಜಾಸ್ತಿ. ಮೊದಲನೆಯದು ಇಪ್ಪತ್ತು ನಿಮಿಷದ ಕೆಲಸ. ಎರಡನೆಯದು ಒಂದು ಗಂಟೆ. ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳದಲ್ಲೋ ಸಿಕ್ಕಿಕೊಂಡು ನಿಂತರೆ ಸರ್ಕಾರ ಕೊಡಿಸುವುದು 15 ನಿಮಿಷಕ್ಕೆ 10 ರೂಪಾಯಿ, ಅಂದರೆ ಗಂಟೆಗೆ 40. "ಮೀಟರ್ ಕಿಲೋಮೀಟರ್ ಎಣಿಸುತ್ತೆ, ನಾನು ಎಣಿಸೋದು ಟೈಮು" ಅಂದರು ಅವರು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ? ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕು. ಅದು ಇಡೀ ದಿನದ ಸರಾಸರಿ, ಪೀಕ್ ಅವರ್ ಕಥೆಯೇ ಬೇರೆ. ಇಂಥ ಊರಿಗೆ ದೂರವನ್ನಷ್ಟೇ ನಂಬಿದ ದರ ಮಾಡಿದರೆ ಸಂಜೆ ಹೊತ್ತು ಆಟೋ ಎಲ್ಲಿಂದ ಬರಬೇಕು? ಲಂಡನ್ನಿನ ಕಪ್ಪು ಟ್ಯಾಕ್ಸಿಗಳ ಮೀಟರು ಗಾಡಿ ನಿಧಾನವಾದ ಕೂಡಲೇ ದೂರ ಬಿಟ್ಟು ಸಮಯ ಎಣಿಸುತ್ತದೆ. ಅಷ್ಟು ದೂರ ಯಾಕೆ, ನಮ್ಮದೇ ಸರ್ಕಾರ 2024ರಲ್ಲಿ ಕ್ಯಾಬ್‌ಗಳಿಗೆ ಮಾಡಿದ ದರದಲ್ಲಿ ಕಾಯುವುದಕ್ಕೆ ನಿಮಿಷಕ್ಕೆ 1 ರೂಪಾಯಿ ಇದೆ. ಆಟೋಗೆ ಅದಕ್ಕಿಂತ ಕಮ್ಮಿ ಯಾಕೆ? ಟ್ರಾಫಿಕ್ ಇಬ್ಬರಿಗೂ ಒಂದೇ ಅಲ್ವಾ?

ಇನ್ನೊಂದು ವಿಷಯ. 2013ರ ಡಿಸೆಂಬರ್‌ನಲ್ಲಿ ಕನಿಷ್ಠ ದರ 25, ಕಿ.ಮೀ.ಗೆ 13 ಆಯಿತು. ಮುಂದಿನ ಪರಿಷ್ಕರಣೆ 2021ರ ಡಿಸೆಂಬರ್‌ನಲ್ಲಿ, 30 ಮತ್ತು 15. ಎಂಟು ವರ್ಷ! ಆ ಎಂಟು ವರ್ಷದಲ್ಲಿ ಹಾಲು, ಅಕ್ಕಿ, ಶಾಲೆ ಫೀಸು, ಮನೆ ಬಾಡಿಗೆ ಯಾವುದು ನಿಂತಿತ್ತು? ನನ್ನ ಪ್ರಕಾರ ಬೆಂಗಳೂರಿನಲ್ಲಿ ಮೀಟರ್ ಸತ್ತಿದ್ದು ಆ ಎಂಟು ವರ್ಷದಲ್ಲೇ. ದರ ಹಳೆಯದಾಯಿತು, 'ಮೀಟರ್ ಮೇಲೆ ಇಪ್ಪತ್ತು' ಶುರುವಾಯಿತು, ಆಮೇಲೆ 'ಒಂದೂವರೆ ಮೀಟರ್', ಆಮೇಲೆ ಮೀಟರ್ ಅನ್ನುವ ಮಾತೇ ಹೋಯಿತು. ಒಂದು ಸಲ ಕೈಬಿಟ್ಟ ಅಭ್ಯಾಸ 2025ರಲ್ಲಿ ಕಿ.ಮೀ.ಗೆ 3 ರೂಪಾಯಿ ಏರಿಸಿದ ತಕ್ಷಣ ವಾಪಸ್ ಬರುವುದಿಲ್ಲ. ಹೊಸ ದರಕ್ಕೆ ಮೀಟರ್ ಸರಿಮಾಡಿಸಿ ಸೀಲು ಹಾಕಿಸಿ ಅಂತ ಮೂರು ತಿಂಗಳು ಗಡುವು ಕೊಟ್ಟಿರಿ. ಹಾಕದ ಮೀಟರಿಗೆ ಸೀಲು ಇದ್ದರೇನು, ಬಿಟ್ಟರೇನು.

ಹಾಗಂತ ದರ ಸರಿ ಇಲ್ಲ ಅನ್ನುವುದೊಂದೇ ಕಾರಣ ಅಂತಲೂ ಒಪ್ಪಲಾರೆ. ಮುಂಬೈಯಲ್ಲಿ 2025ರ ಫೆಬ್ರವರಿಯಿಂದ ಆಟೋ ಕನಿಷ್ಠ ದರ ಒಂದೂವರೆ ಕಿ.ಮೀ.ಗೆ 26 ರೂಪಾಯಿ, ಆಮೇಲೆ ಕಿ.ಮೀ.ಗೆ 17 ಚಿಲ್ಲರೆ. ನಮ್ಮದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಅಲ್ಲಿ ಟ್ರಾಫಿಕ್ ಏನು ಕಡಿಮೆಯಾ? ಆದರೂ ಕೂತ ಕೂಡಲೇ ಚಾಲಕ ಮೀಟರ್ ಹಾಕುತ್ತಾನೆ, ಇಳಿಯುವಾಗ ಚಿಲ್ಲರೆ ವಾಪಸ್ ಕೊಡುತ್ತಾನೆ. ಮುಂಬೈಯಲ್ಲಿ ನೆಂಟರಿರುವ ಯಾರನ್ನಾದರೂ ಕೇಳಿ. ಹತ್ತಿರದ ಬಾಡಿಗೆಗೆ ಬರಲ್ಲ ಅನ್ನುವ ಕಾಯಿಲೆ ಅಲ್ಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಹತ್ತಿದ ಮೇಲೆ ಜಗಳ ಇಲ್ಲ.

ಇಲ್ಲಿ ಒಂದು ಮಾತು ನಮ್ಮ ಕಡೆಯವರಿಗೂ. ಆಟೋ ವಿಷಯ ಬಂದ ಕೂಡಲೇ ಅದು ಕನ್ನಡ–ಹಿಂದಿ ಜಗಳ ಆಗಿಬಿಡುತ್ತದೆ. ಹೊರಗಿನವರು, ಕನ್ನಡ ಬರಲ್ಲ ಅಂತ ಸುಲಿದರು ಅನ್ನುತ್ತಾರೆ. ನಮ್ಮವರು, ಕನ್ನಡ ಕಲಿಯಿರಿ ಸರಿಹೋಗುತ್ತದೆ ಅನ್ನುತ್ತಾರೆ. ನಾನು ಹುಟ್ಟಿದ್ದು ಇಲ್ಲೇ, ಮಾತಾಡುವುದು ಅಚ್ಚ ಬೆಂಗಳೂರು ಕನ್ನಡ. ನನಗೂ 150ನೇ ಹೇಳುತ್ತಾರೆ. ಹೆಚ್ಚೆಂದರೆ "ನಮ್ಮೋರೇ ಅಲ್ವಾ ಅಣ್ಣ, ಹತ್ತು ರೂಪಾಯಿ ಕಮ್ಮಿ ಕೊಡಿ" ಅನ್ನುತ್ತಾರೆ. ಭಾಷೆಯ ರಿಯಾಯಿತಿ ಅಷ್ಟೇ. ಈ ಜಗಳ ನಡೆಯುವಷ್ಟು ದಿನ ಯಾರೂ ನಿಮ್ಮನ್ನು ಪ್ರಶ್ನೆ ಕೇಳುವುದಿಲ್ಲ, ನಿಮಗೆ ಆರಾಮ.

ನಿಜವಾಗಿ ಏಟು ಬೀಳುವುದು ಯಾರಿಗೆ ಅಂತ ನೋಡಬೇಕಾದರೆ ಬೆಳಗಿನ ಜಾವ ಮೆಜೆಸ್ಟಿಕ್‌ಗೆ ಹೋಗಬೇಕು. ರಾಯಚೂರು, ಕಲಬುರಗಿ, ಬೀದರ್, ಕೊಪ್ಪಳದಿಂದ ರಾತ್ರಿ ಹೊರಟ ಬಸ್ಸು, ರೈಲುಗಳು ಬಂದು ನಿಲ್ಲುವ ಹೊತ್ತು. ಅದರಲ್ಲಿ ಎಷ್ಟೋ ಜನ ನಿಮ್ಹಾನ್ಸ್‌ಗೋ ಕಿದ್ವಾಯಿಗೋ ಜಯದೇವ ಆಸ್ಪತ್ರೆಗೋ ಬಂದವರು. ತಲೆಗೆ ಮಫ್ಲರ್ ಸುತ್ತಿದ ಅಜ್ಜ, ಪ್ಲಾಸ್ಟಿಕ್ ಕವರಿನಲ್ಲಿ ಹಳೇ ರಿಪೋರ್ಟುಗಳು, ರೊಟ್ಟಿ ಗಂಟು. ಅವರ ಫೋನಿನಲ್ಲಿ ಆ್ಯಪ್ ಇರುವುದಿಲ್ಲ. ಇದ್ದರೂ ನಕ್ಷೆಯಲ್ಲಿ ಪಿನ್ ಎಲ್ಲಿ ಹಾಕಬೇಕು ಗೊತ್ತಿರುವುದಿಲ್ಲ. ಬಸ್ಸಿಂದ ಇಳಿಯುವ ಮೊದಲೇ "ಎಲ್ಲಿಗೆ, ಎಲ್ಲಿಗೆ" ಅಂತ ನಾಲ್ಕು ಜನ ಮುತ್ತುತ್ತಾರೆ. ಮೆಜೆಸ್ಟಿಕ್‌ನಿಂದ ನಿಮ್ಹಾನ್ಸ್ ಸುಮಾರು 7 ಕಿ.ಮೀ. ಐದು ಗಂಟೆ ಕಳೆದಿದ್ದರೆ ಮೀಟರ್ 126 ರೂಪಾಯಿ. ಐದಕ್ಕೆ ಮುಂಚೆ ಆದರೆ ರಾತ್ರಿ ದರ, 189. ಅಲ್ಲಿ ನಿಂತು ಕೇಳಿಸಿಕೊಳ್ಳಿ, 400 ಅನ್ನುವುದು, "ಊರ ಹೊರಗೈತಿ ಯಜಮಾನ್ರೇ" ಅನ್ನುವುದು. ಅಜ್ಜನಿಗೆ ನಿಮ್ಹಾನ್ಸ್ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು?

ಪ್ರೀಪೇಯ್ಡ್ ಕೌಂಟರ್ ನಡೆಯುವ ಕಡೆ, ಅದರಲ್ಲಿ ಪೊಲೀಸರು ಕೂತಿರುವ ಹೊತ್ತಲ್ಲಿ, ಈ ಗಲಾಟೆ ಇರುವುದಿಲ್ಲ. ಚೀಟಿ ಕೊಡುತ್ತಾರೆ, ಚೀಟಿ ಪ್ರಕಾರ ದುಡ್ಡು, ಸಾಲಲ್ಲಿ ಮೊದಲು ನಿಂತ ಆಟೋ ಹೊರಡುತ್ತದೆ. ಇದು ಹೊಸ ತಂತ್ರಜ್ಞಾನ ಅಲ್ಲ. ಒಂದು ಮರದ ಗೂಡು, ಒಂದು ಪ್ರಿಂಟರ್, ಇಬ್ಬರು ಸಿಬ್ಬಂದಿ. ಮೆಜೆಸ್ಟಿಕ್, ಯಶವಂತಪುರ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್, ದೊಡ್ಡ ಮೆಟ್ರೋ ಸ್ಟೇಷನ್‌ಗಳು, ನಿಮ್ಹಾನ್ಸ್ ಮತ್ತು ಕಿದ್ವಾಯಿ ಗೇಟು, ಇಷ್ಟು ಕಡೆ 24 ಗಂಟೆಯೂ ನಡೆಸಿ. ಇಡೀ ಊರು ನಾಳೆಯೇ ಸರಿಹೋಗಲಿ ಅಂತ ಕೇಳುತ್ತಿಲ್ಲ. ಚೌಕಾಸಿ ಮಾಡಲು ಬಾರದವರು ಬಂದಿಳಿಯುವ ಜಾಗದಲ್ಲಾದರೂ ಶುರುಮಾಡಿ.

ಆ್ಯಪ್ ಕಂಪನಿಗಳ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ಇಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. ಅದನ್ನು ನಿಮ್ಮ ಇಲಾಖೆ ಗಮನಿಸಿದ ಹಾಗಿಲ್ಲ.

ಕರ್ನಾಟಕ 2016ರಲ್ಲೇ ಆ್ಯಪ್ ಟ್ಯಾಕ್ಸಿಗಳಿಗೆ ನಿಯಮ ಮಾಡಿತು. ಅದು ಹೆಮ್ಮೆಯ ವಿಷಯವೇ. 2022ರ ಅಕ್ಟೋಬರ್‌ನಲ್ಲಿ ಆ್ಯಪ್ ಆಟೋಗಳಿಗೆ ಕನಿಷ್ಠ 100 ರೂಪಾಯಿ ಆಗಿದೆ ಅಂತ ಜನ ಬೊಬ್ಬೆ ಹಾಕಿದಾಗ, ಆಟೋ ಸೇವೆ ನಿಲ್ಲಿಸಿ ಅಂತ ಸಾರಿಗೆ ಇಲಾಖೆ ನೋಟಿಸ್ ಕೊಟ್ಟಿತು. ವಿಷಯ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್‌ನಲ್ಲಿ, ಸರ್ಕಾರಿ ದರದ ಮೇಲೆ ಶೇ 5 ಸೇವಾ ಶುಲ್ಕ ಮತ್ತು ಜಿಎಸ್‌ಟಿ ಅಂತ ಸರ್ಕಾರ ಆದೇಶ ಮಾಡಿತು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಈಗಿನ ದರದಲ್ಲಿ ಲೆಕ್ಕ ಹಾಕಿ. 10 ಕಿ.ಮೀ.ಗೆ 180. ಶೇ 5 ಸೇರಿದರೆ 189. ಜಿಎಸ್‌ಟಿ ಸೇರಿದರೂ 200 ದಾಟಬಾರದು. ಸಂಜೆ ಹೊತ್ತು ಯಾವ ಆ್ಯಪ್‌ನಲ್ಲಿ 10 ಕಿ.ಮೀ.ಗೆ 200ರೊಳಗೆ ತೋರಿಸುತ್ತದೆ, ಸ್ವಲ್ಪ ನಿಮ್ಮ ಫೋನಿನಲ್ಲೇ ನೋಡಿ. ಸರ್ಕಾರಿ ಕಾರಿದೆ, ನಿಮಗೆ ಅಭ್ಯಾಸ ಇರಲಿಕ್ಕಿಲ್ಲ. ಕಚೇರಿಯ ಹುಡುಗರನ್ನು ಕೇಳಿದರೆ ತೋರಿಸುತ್ತಾರೆ.

ಅದೇ 2022ರ ನವೆಂಬರ್‌ನಲ್ಲಿ ಚಾಲಕರ ಯೂನಿಯನ್ ಬೆಂಬಲದ 'ನಮ್ಮ ಯಾತ್ರಿ' ಆ್ಯಪ್ ಬಂತು. ಕಮಿಷನ್ ಇಲ್ಲ, ಚಾಲಕರು ಸ್ವಲ್ಪ ಚಂದಾ ಕಟ್ಟಿದರೆ ಸಾಕು. ಚಾಲಕರಿಗೆ ಅದರಿಂದ ಉಪಕಾರ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಕಮಿಷನ್ ಹೆಸರಲ್ಲಿ ಕಾಲು ಭಾಗ ಕಳೆದುಕೊಳ್ಳುತ್ತಿದ್ದವರು ಅವರು. ಆಮೇಲೆ ದೊಡ್ಡ ಕಂಪನಿಗಳೂ ಒಂದೊಂದಾಗಿ ಆಟೋಗಳಿಗೆ ಅದೇ ದಾರಿ ಹಿಡಿದವು. ಇದರಿಂದ ನಮಗೇನಾಯಿತು ನೋಡಿ. ಕಮಿಷನ್ ಇದ್ದಾಗ, ನಾನು ಗಾಡಿ ಹತ್ತಿ ಇಳಿದರೆ ಮಾತ್ರ ಕಂಪನಿಗೆ ಕಾಸು. ಹಾಗಾಗಿ ಚಾಲಕ ಕೈಕೊಟ್ಟರೆ ಅವರಿಗೂ ನಷ್ಟ. ಈಗ ಚಂದಾ ದಿನಕ್ಕೆ ಇಷ್ಟು ಅಂತ ಬಂದುಬಿಡುತ್ತದೆ. ನನಗೆ ಗಾಡಿ ಸಿಕ್ಕರೂ ಅಷ್ಟೇ, ಸಿಗದಿದ್ದರೂ ಅಷ್ಟೇ. ದೂರು ಕೊಟ್ಟರೆ, "ನಾವು ಬರೀ ಪರಿಚಯ ಮಾಡಿಸುವವರು, ಹಣದ ವಿಷಯ ನೀವೂ ಚಾಲಕರೂ ಮಾತಾಡಿಕೊಳ್ಳಿ" ಅನ್ನುತ್ತಾರೆ. ಮದುವೆ ದಲ್ಲಾಳಿ ಕೂಡ ಇದಕ್ಕಿಂತ ಜಾಸ್ತಿ ಜವಾಬ್ದಾರಿ ತಗೊಳ್ಳುತ್ತಾನೆ. ಹೀಗೆ ಕಂಪನಿ ಪಕ್ಕಕ್ಕೆ ಸರಿದ ಮೇಲೆ ಉಳಿದವರು ಇಬ್ಬರೇ, ರಸ್ತೆಬದಿಯಲ್ಲಿ ನಾನು ಮತ್ತು ಚಾಲಕ. ಬನಶಂಕರಿ ಮೆಟ್ಟಿಲ ಕೆಳಗಿನ ಚೌಕಾಸಿಯೇ ಫೋನಿನೊಳಗೆ ಬಂದು ಕೂತಿದೆ, ಟಿಪ್ ಅನ್ನುವ ಹೆಸರಲ್ಲಿ.

ಈ ಮುಂಗಡ ಟಿಪ್ ಬಗ್ಗೆ 2025ರ ಮೇ ತಿಂಗಳಲ್ಲಿ ನೋಟಿಸ್ ಕೊಟ್ಟಿದ್ದು ಯಾರು? ದೆಹಲಿಯ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ. 'ಐದು ನಿಮಿಷದಲ್ಲಿ ಆಟೋ, ಇಲ್ಲದಿದ್ದರೆ 50 ರೂಪಾಯಿ' ಅಂತ ಜಾಹೀರಾತು ಕೊಟ್ಟಿದ್ದ ರ‍್ಯಾಪಿಡೋಗೆ ಅದೇ ವರ್ಷ ಆಗಸ್ಟ್‌ನಲ್ಲಿ 10 ಲಕ್ಷ ದಂಡ ಹಾಕಿದ್ದೂ ಅವರೇ. ಆ 50 ಕೂಡ ರೂಪಾಯಿ ಅಲ್ಲ, ಏಳು ದಿನದಲ್ಲಿ ಬೈಕ್ ಸವಾರಿಗೆ ಮಾತ್ರ ಬಳಸಬಹುದಾದ ಕಾಯಿನ್ ಅಂತ ಆಮೇಲೆ ಹೊರಬಂತು. ಆ್ಯಪ್‌ಗಳ ರಾಜಧಾನಿ ಬೆಂಗಳೂರು. ನಿಯಮ ಮೊದಲು ಮಾಡಿದವರು ನಾವು. ದಂಡ ಹಾಕಲು ದೆಹಲಿಯವರೇ ಬರಬೇಕಿತ್ತಾ?

ನಿಮ್ಮ ಇಲಾಖೆ ಏನೂ ಮಾಡಲಿಲ್ಲ ಅನ್ನುವುದಿಲ್ಲ. 2025ರ ಜೂನ್‌ನಲ್ಲಿ ಬೈಕ್ ಟ್ಯಾಕ್ಸಿ ನಿಂತು ಆಟೋ ದರ ಗಗನಕ್ಕೇರಿದಾಗ ಸಚಿವರು ಆದೇಶ ಮಾಡಿದರು, ಇನ್‌ಸ್ಪೆಕ್ಟರ್‌ಗಳು ರಸ್ತೆಗಿಳಿದರು, ಒಂದಷ್ಟು ಆಟೋ ಸೀಜ್ ಆದವು, ಪೇಪರಿನಲ್ಲಿ ಫೋಟೋ ಬಂತು. ಸಿಕ್ಕಿಬಿದ್ದವನು ಆಟೋದವನು. ಆ ದರವನ್ನು ಪರದೆ ಮೇಲೆ ತೋರಿಸಿದ ಕಂಪನಿಯ ಆಫೀಸಿಗೆ ಯಾವ ಇನ್‌ಸ್ಪೆಕ್ಟರ್ ಹೋದರು? ಆಮೇಲೆ ಕಾರ್ಯಾಚರಣೆಯೂ ತಣ್ಣಗಾಯಿತು.

ಕ್ಯಾಬ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 2024ರ ಆರಂಭದಲ್ಲಿ ಸರ್ಕಾರ ನಗರ ಟ್ಯಾಕ್ಸಿಗೂ ಆ್ಯಪ್ ಟ್ಯಾಕ್ಸಿಗೂ ಒಂದೇ ದರ ಮಾಡಿತು. 10 ಲಕ್ಷದೊಳಗಿನ ಬೆಲೆಯ ಕಾರಿಗೆ ಮೊದಲ 4 ಕಿ.ಮೀ.ಗೆ 100, ಆಮೇಲೆ ಕಿ.ಮೀ.ಗೆ 24. ರಾತ್ರಿ 12ರಿಂದ 6ರವರೆಗೆ ಶೇ 10 ಜಾಸ್ತಿ. ಮಳೆ ಬಂತು ಅಂತಲೋ ಬೇಡಿಕೆ ಇದೆ ಅಂತಲೋ ಏರಿಸುವ ಹಾಗಿಲ್ಲ. ಒಳ್ಳೆಯ ಆದೇಶ. ಆಮೇಲೆ 2025ರ ಜುಲೈನಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂತು. ಅದರಲ್ಲಿ ಮೂಲ ದರದ ಎರಡು ಪಟ್ಟಿನವರೆಗೆ ಸರ್ಜ್ (ಬೇಡಿಕೆ ನೋಡಿ ಏರಿಸುವ ದರ) ಹಾಕಬಹುದು, ಕಾರಣ ಇಲ್ಲದೆ ಕ್ಯಾನ್ಸಲ್ ಮಾಡಿದವರಿಗೆ ದರದ ಶೇ 10, ಗರಿಷ್ಠ 100 ರೂಪಾಯಿ ದಂಡ. ಈಗ ಬೆಂಗಳೂರಿನಲ್ಲಿ ನಡೆಯುತ್ತಿರುವುದು ನಿಮ್ಮ ಆದೇಶವೋ, ಅವರ ಮಾರ್ಗಸೂಚಿಯೋ? ಬೆಳಗಿನ ಜಾವ ಮೂರೂವರೆಗೆ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಹುಡುಕುತ್ತಾ, ಎರಡು ಸಲ ಕ್ಯಾನ್ಸಲ್ ಆದ ಮೇಲೆ ಮೂರನೆಯದರ ನಂಬರ್ ಪ್ಲೇಟ್ ಗೇಟಿನಲ್ಲಿ ಇಣುಕಿ ನೋಡುವವನಿಗೆ ಇದು ಗೊತ್ತಿರಬೇಕು. ವಾಯುವಜ್ರ ಬಸ್ಸು ಸಿಗುವ ಜಾಗದಲ್ಲಿ ಮನೆ ಇರುವವರು ಪುಣ್ಯವಂತರು, ಅಷ್ಟೇ.

ಕಾನೂನಿನ ಕಡೆ ನೋಡಿದರೆ ನಗು ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 178ನೇ ಸೆಕ್ಷನ್‌ನಲ್ಲಿ, ಬಾಡಿಗೆಗೆ ಬರಲ್ಲ ಅಂದ ಮೂರು ಚಕ್ರದ ವಾಹನಕ್ಕೆ ದಂಡ 50 ರೂಪಾಯಿವರೆಗೆ. ಕಾರಿಗೆ 2019ರ ತಿದ್ದುಪಡಿಯಲ್ಲಿ 200 ಇದ್ದದ್ದು 500 ಆಯಿತು, ಆಟೋದ 50 ಹಾಗೇ ಉಳಿಯಿತು. ಮಳೆಯಲ್ಲಿ ಒಂದು ಬಾಡಿಗೆಗೆ ಕೇಳುವ ಎಕ್ಸ್‌ಟ್ರಾ ದುಡ್ಡಿಗಿಂತ ದಂಡ ಕಮ್ಮಿ. ಕಾಯ್ದೆ ಕೇಂದ್ರದ್ದು, ನಾವೇನು ಮಾಡೋಣ ಅನ್ನಬೇಡಿ. ಪರ್ಮಿಟ್ ಷರತ್ತು ಮುರಿದವರ ಪರ್ಮಿಟ್ ಅಮಾನತು ಮಾಡುವ ಅಧಿಕಾರ ಅದೇ ಕಾಯ್ದೆಯ 86ನೇ ಸೆಕ್ಷನ್‌ನಲ್ಲಿ, ಪರ್ಮಿಟ್ ಕೊಟ್ಟ ಪ್ರಾಧಿಕಾರಕ್ಕೇ ಇದೆ. ಅಂದರೆ ನಿಮಗೇ.

ನಾನು ಕೇಳುತ್ತಿರುವುದು ಒಂದೇ ವಿಷಯ, ಎರಡು ತುದಿ ಇದೆ. ದರವನ್ನು ಚಾಲಕ ನಂಬುವ ಹಾಗೆ ಮಾಡಿ. ಟ್ರಾಫಿಕ್‌ನಲ್ಲಿ ನಿಂತ ನಿಮಿಷಕ್ಕೆ ಸರಿಯಾಗಿ ದುಡ್ಡು ಸಿಗಲಿ. ಎಂಟು ವರ್ಷಕ್ಕೊಮ್ಮೆ ಎದ್ದು ಕೂರುವ ಬದಲು ಪ್ರತಿ ವರ್ಷ ಇಂಥ ದಿನ ಪರಿಷ್ಕರಣೆ ಅಂತ ಗೊತ್ತಿರಲಿ, ಗ್ಯಾಸ್ ಬೆಲೆ ಇಳಿದರೆ ದರವೂ ಇಳಿಯಲಿ. ಅದಕ್ಕಾಗಿ ಮೀಟರಿನಲ್ಲಿ ನಾನು ಇಪ್ಪತ್ತೋ ಮೂವತ್ತೋ ಜಾಸ್ತಿ ಕೊಡಬೇಕಾದರೆ ಕೊಡುತ್ತೇನೆ. ಈಗ ಅದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತಲೇ ಇದ್ದೇನಲ್ಲ. ಆಮೇಲೆ ಆ ದರವನ್ನು ಬಿಗಿಯಾಗಿ ಹಿಡಿಯಿರಿ. ಆ್ಯಪ್‌ಗಳು ತಮ್ಮ ದರ ತೋರಿಸುವ ಜಾಗದಲ್ಲೇ, ಅದಕ್ಕಿಂತ ಮೇಲೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಸರ್ಕಾರಿ ದರ ತೋರಿಸಬೇಕು ಅಂತ ಲೈಸೆನ್ಸ್ ಷರತ್ತಿನಲ್ಲಿ ಬರೆಯಿರಿ. ಟಿಪ್ ಬಟನ್ ಇಳಿದ ಮೇಲೆ ಬರಲಿ. ಮೊದಲನೆಯದನ್ನು ಮಾಡದೆ ಎರಡನೆಯದಕ್ಕೆ ಕೈ ಹಾಕಿದರೆ ಚಾಲಕರು ಬೀದಿಗಿಳಿಯುತ್ತಾರೆ, ಅವರ ತಪ್ಪೂ ಅಲ್ಲ. ಎರಡನೆಯದನ್ನು ಬಿಟ್ಟು ದರ ಮಾತ್ರ ಏರಿಸುತ್ತಾ ಹೋದರೆ ಚೌಕಾಸಿ ಶುರುವಾಗುವ ಅಂಕಿ ಮೇಲೇರುತ್ತದೆ ಅಷ್ಟೇ. 2025ರಲ್ಲಿ ಆದದ್ದು ಅದೇ.

ಇನ್ನೊಂದು ಸಣ್ಣ ಕೋರಿಕೆ ಜಿಲ್ಲಾಧಿಕಾರಿಗಳಿಗೆ. ಮುಂದಿನ ಸಲ ದರದ ಸಭೆ ಕರೆದಾಗ ಪ್ರಯಾಣಿಕರಿಗೂ ಒಂದೆರಡು ಕುರ್ಚಿ ಹಾಕಿ. ಮೆಟ್ರೋ ಇಳಿದು ದಿನಾ ಆಟೋ ಹಿಡಿಯುವ ಒಬ್ಬ ನರ್ಸ್, ಗಾಲಿಕುರ್ಚಿಯಲ್ಲಿರುವ ಒಬ್ಬರು, ಊರಿಂದ ಆಸ್ಪತ್ರೆಗೆ ಬರುವ ಯಾರಾದರೂ. ನಾನೇ ಬರಬೇಕು ಅಂತೇನಿಲ್ಲ. ಕರೆದರೆ ಬರುತ್ತೇನೆ, ಸ್ವಲ್ಪ ಮೊದಲೇ ತಿಳಿಸಿ, ಗಾಡಿ ಸಿಗಬೇಕಲ್ಲ.

ಉತ್ತರ ಕೊಡುವುದಾದರೆ ಉಳಿದದ್ದೆಲ್ಲ ಪಕ್ಕಕ್ಕಿಟ್ಟು ಇದೊಂದಕ್ಕೆ ಕೊಡಿ. ನಾಳೆ ಸಂಜೆ ಮೀಟರ್ ಹಾಕಲ್ಲ ಅಂದ ಆಟೋದ ನಂಬರ್, ಸಮಯ, ಜಾಗ ಬರೆದು ನಾನು ದೂರು ಕೊಟ್ಟರೆ, ನಿಮ್ಮಲ್ಲಿ ಅದನ್ನು ಯಾರು ನೋಡುತ್ತಾರೆ? ಎಷ್ಟು ದಿನದಲ್ಲಿ ನನಗೆ ಏನು ಅಂತ ತಿಳಿಸುತ್ತಾರೆ? ಇಲಾಖೆಯ ಹೆಸರು ಬೇಡ, ಹುದ್ದೆ ಮತ್ತು ದಿನದ ಲೆಕ್ಕ ಸಾಕು.

ಇತಿ,
ಬೆಂಗಳೂರು ದಕ್ಷಿಣದ ಒಬ್ಬ ಪ್ರಯಾಣಿಕ